ಮಳಖೇಡದ ಗುಲಾಬಿಗೆ ಪರದೇಶದ ಪಂಚಾಂಗವೇಕೆ?

ದೀಪಾವಳಿ ಕಳೆದು ಚಳಿ ಕಾಲಿಡುತ್ತಿದ್ದಂತೆ ತೋಟಗಾರಿಕೆಯ ಕೈಪಿಡಿಗಳು ಒಂದೇ ಮಂತ್ರವನ್ನು ಪಠಿಸತೊಡಗುತ್ತವೆ: ಗುಲಾಬಿಯನ್ನು ಮೊಣಕಾಲೆತ್ತರಕ್ಕೆ ಸವರಿ, ಬುಡ ಅಗೆದು ಬೇರಿಗೆ ಬಿಸಿಲು ಕಾಣಿಸಿ, ಗೊಬ್ಬರ ತುಂಬಿ, ವಿಷದ ಹರಳು ಎರಚಿ. ಯಾವ ಊರು, ಯಾವ ಮಣ್ಣು, ಯಾವ ಜಾತಿಯ ಗಿಡ, ಅದರ ವಯಸ್ಸೆಷ್ಟು ಎಂಬ ವಿಚಾರಣೆಯೇ ಇಲ್ಲ. ಈ ಉಪದೇಶವನ್ನು ಕಣ್ಣುಮುಚ್ಚಿ ಪಾಲಿಸಿದ ಅಂಗಳಗಳಲ್ಲಿ ಹಳೆಯ ಗಿಡಗಳು ಒಣಗುತ್ತವೆ. ಒಣಗಿದ ಗಿಡದ ಜಾಗಕ್ಕೆ ಪ್ಲಾಸ್ಟಿಕ್ ಚೀಲದ ಕಸಿ ಸಸಿ ಬರುತ್ತದೆ. ನಷ್ಟವಾದುದೇನೆಂದು ಯಾರೂ ಲೆಕ್ಕವಿಡುವುದಿಲ್ಲ.

ಕಾಗಿಣಾ ನದಿಯ ದಂಡೆಯ ಮಳಖೇಡವನ್ನೇ ನೋಡಬಹುದು. ಅಮೋಘವರ್ಷ ನೃಪತುಂಗನ ಮಾನ್ಯಖೇಟವಿದು. ಕೋಟೆ, ಬಸದಿ, ಜಯತೀರ್ಥರ ವೃಂದಾವನ, ದರ್ಗಾ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡ ಈ ಊರಿನ ನೆಲದಡಿಯಲ್ಲಿರುವುದು ಸುಣ್ಣಕಲ್ಲು. ಶಹಾಬಾದಿನ ಫರಸಿಯೂ ವಾಡಿ, ಸೇಡಂಗಳ ಸಿಮೆಂಟೂ ಅದೇ ಕಲ್ಲಿನ ಕೂಸುಗಳು. ಅದರ ಮೇಲೆ ಹರಡಿರುವುದು ತೊಗರಿ ಬೆಳೆಯುವ ಕಪ್ಪು ಎರೆ. ಇಂಥ ನೆಲದಲ್ಲಿ ಬಚ್ಚಲ ನೀರನ್ನೇ ಕುಡಿದು ಬೆಳೆದ ನಾಟಿ ಗುಲಾಬಿಯೊಂದು ವರ್ಷಾನುಗಟ್ಟಲೆ ಬಾಳುವುದೆಂದರೆ ಅದು ಆ ಮಣ್ಣಿನೊಡನೆ ಮಾಡಿಕೊಂಡ ಒಪ್ಪಂದ. ಅದನ್ನು ಕತ್ತರಿ ಹಿಡಿದವರು ಗೌರವಿಸಬೇಕು.

ಮೊದಲ ತಪ್ಪು ಕಾಲಗಣನೆಯದು. ಹಿಮ ಬೀಳುವ ಯುರೋಪಿನಲ್ಲಿ ಗುಲಾಬಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರಿಸುತ್ತದೆ. ಆ ನಿದ್ರೆ ಮುಗಿಯುವ ಹೊತ್ತಿಗೆ ಅಲ್ಲಿಯವರು ಕತ್ತರಿ ಎತ್ತುತ್ತಾರೆ. ಕಲಬುರಗಿ ಸೀಮೆಯಲ್ಲಿ ಚಳಿಯ ರಾತ್ರಿ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು, ಹಿಮ ಬೀಳುವುದಿಲ್ಲ. ಇಲ್ಲಿ ಗಿಡ ಬಳಲುವುದು 42 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ. ಚಳಿಗಾಲವೆಂದರೆ ಅದಕ್ಕೆ ಹೂವಿನ ಕಾಲ. ಆದ್ದರಿಂದ ದ್ರಾಕ್ಷಿ ಬೆಳೆಗಾರರು ‘ಚಾಟ್ನಿ’ ಎಂದು ಕರೆಯುವ ಕೆಲಸವನ್ನು ಇಲ್ಲಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದೊಳಗೆ ಮುಗಿಸುವುದು ಯುಕ್ತ. ಸವರಿದ ಆರೇಳು ವಾರಗಳಲ್ಲಿ ಹೂ ಬರುತ್ತದೆ. ಆದರೆ ತಾರೀಖೇ ಅಂತಿಮವಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ನದಿಗಳು ಉಕ್ಕಿ ಹರಿದವು. ಅಂಥ ವರ್ಷ ಎರೆ ಆರಿ, ಕಾಲಿಗೆ ಮೆತ್ತಿಕೊಳ್ಳದಷ್ಟು ಗಟ್ಟಿಯಾಗುವವರೆಗೂ ಕಾಯಲೇಬೇಕು. ನೀರು ನಿಂತ ನೆಲದಲ್ಲಿ ಬೇರು ಉಸಿರುಗಟ್ಟಿರುವಾಗ ಮೇಲೆ ಗಾಯ ಮಾಡುವುದು ಎರಡು ಪೆಟ್ಟು ಕೊಟ್ಟಂತೆ.

ಎರಡನೆಯ ತಪ್ಪು, ಎಲ್ಲ ಗುಲಾಬಿಯೂ ಒಂದೇ ಎಂಬ ಭಾವನೆ. ಅಂಗಳದ ಹಳೆಯ ಗುಲಾಬಿಗಳಲ್ಲಿ ಎರಡು ಬಗೆಯವನ್ನಾದರೂ ಬೇರ್ಪಡಿಸಿ ನೋಡಬೇಕು. ವರ್ಷಕ್ಕೊಮ್ಮೆ ಮಾತ್ರ ಹೂ ತಳೆಯುವ ಪನ್ನೀರು ಗುಲಾಬಿ ಹಿಂದಿನ ವರ್ಷದ ರೆಂಬೆಯ ಮೇಲೆ ಮೊಗ್ಗು ಕಟ್ಟುತ್ತದೆ. ಅದನ್ನು ಚಳಿಯಲ್ಲಿ ಬುಡಮಟ್ಟ ಕಡಿದರೆ ಆ ವರ್ಷದ ಹೂವನ್ನೇ ಕಡಿದಂತೆ. ಒಣಗಿದ್ದನ್ನು ತೆಗೆದು ತುದಿ ಸವರಿದರೆ ಸಾಕು; ಬಿಗಿಯಾದ ಕತ್ತರಿಗೆ ಹೂ ಮುಗಿದ ನಂತರವೇ ಸಮಯ. ಇನ್ನೊಂದು, ಪದೇ ಪದೇ ಹೂ ಬಿಡುವ ಎಡ್ವರ್ಡ್ ಗುಲಾಬಿ. ಪನ್ನೀರು ಗುಲಾಬಿಗೂ ಚೀನೀ ಗುಲಾಬಿಗೂ ಬೆರಕೆಯಾಗಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ ಬೆಳಕಿಗೆ ಬಂದ ತಳಿ ಇದು. ಇದು ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಸವರುವಿಕೆಯನ್ನು ಚೆನ್ನಾಗಿ ಸಹಿಸುತ್ತದೆ.

ಹಾಗೆಂದು ಮುದಿ ಗಿಡವನ್ನು ಒಂದೇ ಸಲಕ್ಕೆ ಬೋಳಿಸಲಾಗದು. ತೊಗಟೆ ಗಂಟುಗಟ್ಟಿದ ಹಳೆಯ ಕೊಂಬೆಯಲ್ಲಿ ಮಲಗಿರುವ ಕಣ್ಣುಗಳು ಬೇಗ ಎಚ್ಚರಗೊಳ್ಳುವುದಿಲ್ಲ. ಅತಿ ಹಳೆಯ ಕೊಂಬೆಗಳಲ್ಲಿ ಮೂರರಲ್ಲೊಂದು ಪಾಲನ್ನು ಪ್ರತಿವರ್ಷ ತೆಗೆಯುತ್ತ ಬಂದರೆ ಮೂರು ವರ್ಷಗಳಲ್ಲಿ ಗಿಡ ಮೈ ಬದಲಿಸುತ್ತದೆ. ಹರಿತವಾದ ಕತ್ತರಿಯಿಂದ, ಹೊರಮುಖವಾದ ಕಣ್ಣಿನ ತುಸು ಮೇಲೆ, ಓರೆಯಾಗಿ ಕತ್ತರಿಸಬೇಕು. ದಪ್ಪ ಗಾಯದ ಮೂಲಕ ತುದಿ ಒಣಗುವ ರೋಗ ಇಳಿಯದಂತೆ ಬೋರ್ಡೊ ಮುಲಾಮು ಸವರಬೇಕು: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, 1 ಲೀಟರ್ ನೀರು, ಕಲಸಲು ಕಬ್ಬಿಣವಲ್ಲದ ಪಾತ್ರೆ. ಎಲೆಯನ್ನು ಬಿಳಿಚಿಸುವ ಸುಣ್ಣವೇ ಇಲ್ಲಿ ಗಾಯವನ್ನು ಕಾಯುತ್ತದೆ.

ಬುಡ ಬಿಡಿಸಿ ಬೇರನ್ನು ಬಿಸಿಲಿಗೊಡ್ಡುವ ಪದ್ಧತಿಯನ್ನು ಈ ನೆಲದ ಹಳೆಯ ಗಿಡಗಳಿಗೆ ಕೈಬಿಡುವುದೇ ಲೇಸು. ಉಣ್ಣುವ ಬೇರುಗಳಿರುವುದು ಮೇಲ್ಪದರದಲ್ಲಿ. ಗುದ್ದಲಿ ಮೊದಲು ಕಡಿಯುವುದು ಅವನ್ನೇ. ಸಾಲದ್ದಕ್ಕೆ ಎರೆ ಒಣಗಿದಾಗ ತಾನಾಗಿಯೇ ಬಿರಿದು ಬೇರನ್ನು ಹರಿಯುತ್ತದೆ. ಇಲ್ಲಿ ಬೇಕಾದುದು ಹೊದಿಕೆ. ಡಿಸೆಂಬರ್, ಜನವರಿಯಲ್ಲಿ ತೊಗರಿಯ ರಾಶಿಯಾಗುವಾಗ ಕಣದಲ್ಲಿ ಉಳಿಯುವ ಎಲೆಯುದುರನ್ನು, ದನಕ್ಕೆ ಸಲ್ಲದ ಹೊಟ್ಟನ್ನು ಕೊಳೆತ ಗೊಬ್ಬರದ ಮೇಲೆ ನಾಲ್ಕು ಬೆರಳು ದಪ್ಪ ಹಾಸಿದರೆ ತೇವವೂ ಉಳಿಯುತ್ತದೆ, ಬಿರುಕೂ ತಗ್ಗುತ್ತದೆ. ಅಂಗಳಕ್ಕೆಲ್ಲ ಫರಸಿ ಹಾಸಿ ಗಿಡದ ಕಾಂಡದವರೆಗೂ ಸಿಮೆಂಟು ಬಳಿಯುವ ಹೊಸ ಮೋಜಿನಲ್ಲಿ ಬುಡದ ಸುತ್ತ ಎರಡು ಮೊಳ ಮಣ್ಣನ್ನಾದರೂ ಉಳಿಸುವ ಔದಾರ್ಯ ಬೇಡವೇ?

ಚಳಿಗಾಲ ಈ ಸೀಮೆಯಲ್ಲಿ ಧೂಳಿನ ಕಾಲವೂ ಹೌದು. ಮಳೆ ನಿಂತ ಮೇಲೆ ಎಲೆಯ ಮೇಲೆ ಕುಳಿತ ಸುಣ್ಣಕಲ್ಲಿನ, ಸಿಮೆಂಟಿನ ಪುಡಿಯನ್ನು ತೊಳೆಯುವವರಿಲ್ಲ. ಇಬ್ಬನಿಯೊಡನೆ ಅದು ಹೆಪ್ಪುಗಟ್ಟಿ ಎಲೆಯ ಉಸಿರಾಟದ ರಂಧ್ರಗಳನ್ನು ಮುಚ್ಚುತ್ತದೆ. ವಾರಕ್ಕೊಮ್ಮೆ ಮುಂಜಾನೆ ನೀರು ಚಿಮುಕಿಸಿ ತೊಳೆದರೆ ಬಿಸಿಲೇರುವ ಮುನ್ನ ಎಲೆ ಆರುತ್ತದೆ. ಸಂಜೆ ತೊಳೆದರೆ ರೋಗಕ್ಕೆ ಆಹ್ವಾನ. ಗುಲಾಬಿಯ ಎಲೆಯ ಮೇಲೆ ಕಾಣುವ ಈ ಪದರವೇ ಊರಿನ ಮಕ್ಕಳ ಶ್ವಾಸಕೋಶಕ್ಕೂ ಇಳಿಯುತ್ತಿದೆಯೆಂಬುದನ್ನು ಗಮನಿಸಿದವರಿಗೆ ಗಿಡದ ಆರೈಕೆ ಕೇವಲ ಹವ್ಯಾಸವಾಗಿ ಉಳಿಯದು.

ಇನ್ನು ವಿಷದ ಮಾತು. ಸವರಿದ ಗಿಡದ ಬುಡಕ್ಕೆ ಫೊರೇಟ್ ಹರಳು ಹಾಕುವುದು ಬಹುಕಾಲ ವಾಡಿಕೆಯಾಗಿತ್ತು. 2020ರ ಕೊನೆಗೆ ದೇಶದಲ್ಲಿ ಅದಕ್ಕೆ ಪೂರ್ಣ ನಿಷೇಧ ಬಂದಿದೆ. ಮಕ್ಕಳು ಆಡುವ, ಕೋಳಿ ಕೆದಕುವ, ಹೆಂಗಸರು ಮುಡಿಗೆ ಹೂ ಕೊಯ್ಯುವ ಅಂಗಳಕ್ಕೆ ಅಂಥ ವಿಷ ಎಂದೂ ಸಲ್ಲಬಾರದಿತ್ತು. ಚಳಿಯಲ್ಲಿ ಕಾಡುವ ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ, ಹೇನಿಗೆ ಬೇವಿನೆಣ್ಣೆ ಸಾಕು.

ಕಸಿ ಗುಲಾಬಿಯ ಹೂ ದೊಡ್ಡದು, ಬಣ್ಣ ಹಲವು, ಹಳೆಯದನ್ನು ಹಿಡಿದು ಕೂರುವುದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಂಗತವಲ್ಲ. ಆದರೆ ಬೆಂಗಳೂರಿನ ಕೆಂಪು ಮಣ್ಣಿಗೆ ಒಗ್ಗುವ ಬೇರಿನ ಮೇಲೆ ಕಟ್ಟಿದ ಕಸಿ, ಸುಣ್ಣ ತುಂಬಿದ ಎರೆಯಲ್ಲಿ ಕಬ್ಬಿಣದ ಅಂಶ ಹೀರಲಾರದೆ ನರ ಮಾತ್ರ ಹಸಿರಾಗಿ ಉಳಿದ ಹಳದಿ ಎಲೆ ತೋರಿಸುತ್ತದೆ. ಬಿಸಿಲುನಾಡಿಗೆ ಬಿಸಿಲುನಾಡಿನ ಗುಲಾಬಿಯೇ ಬೇಕೆಂಬುದನ್ನು ಕೊಡೈಕನಾಲಿನ ವಿರು ವೀರರಾಘವನ್ ಅವರು ಭಾರತದ ಕಾಡುಗುಲಾಬಿಗಳನ್ನು ಬಳಸಿ ತಳಿ ರೂಪಿಸುವ ದೀರ್ಘ ದುಡಿಮೆಯಲ್ಲಿ ತೋರಿಸಿದ್ದಾರೆ. ಮಳಖೇಡದ ಹಿತ್ತಿಲ ಹೆಸರಿಲ್ಲದ ಗಿಡಗಳು ಆ ಪರೀಕ್ಷೆಯನ್ನು ಯಾವ ಪ್ರಯೋಗಶಾಲೆಯೂ ಇಲ್ಲದೆ ಪಾಸು ಮಾಡಿವೆ. ಅವು ಯಾವ ಪಟ್ಟಿಯಲ್ಲೂ ಇಲ್ಲ; ಒಂದು ಮನೆ ಕೆಡವಿದರೆ ಒಂದು ತಳಿಯೇ ಹೋದೀತು.

ಅದನ್ನು ತಡೆಯುವ ಉಪಾಯ ಕತ್ತರಿಯ ಬಾಯಲ್ಲೇ ಇದೆ. ಸವರಿ ಬಿಸಾಡುವ ರೆಂಬೆಗಳಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ಒಂದು ಗೇಣುದ್ದ ಕತ್ತರಿಸಿ, ಮೂರರಲ್ಲೆರಡು ಭಾಗ ತೇವದ ಮರಳುಮಣ್ಣಿನಲ್ಲಿ ಹುಗಿದು ನೆರಳಿನಲ್ಲಿಟ್ಟರೆ ನಾಟಿ ಗುಲಾಬಿ ಸಾಮಾನ್ಯವಾಗಿ ಬೇರು ಬಿಡುತ್ತದೆ. ಚಿಂಚೋಳಿಯಿಂದ ಚಿತ್ತಾಪುರದವರೆಗೆ ಪ್ರತಿ ಊರಿನ ಶಾಲೆ, ದೇವಸ್ಥಾನ, ದರ್ಗಾಗಳ ಅಂಗಳದಲ್ಲಿ ಇಂಥ ಒಂದೊಂದು ಗಿಡ ಬೇರೂರಿದರೆ ಮೂಲ ಗಿಡ ಸತ್ತರೂ ತಳಿ ಸಾಯದು. ಈ ಚಳಿಗಾಲ ಕತ್ತರಿ ಹಿಡಿಯುವವರು ಕಡ್ಡಿಗಳನ್ನು ತಿಪ್ಪೆಗೆ ಎಸೆಯುವ ಮುನ್ನ ಪಕ್ಕದ ಮನೆಯ ಬಾಗಿಲು ತಟ್ಟಲಿ.