ಬಿಚ್ಚಿ ನೋಡಲು ಒಂದು ಎಂಜಿನ್ ಕೊಡಿ

ಹಾವೇರಿಯಲ್ಲಿ ನನ್ನದೊಂದು ಬೈಕ್ ಗ್ಯಾರೇಜು. ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯಿಂದ ಆಟೊಮೊಬೈಲ್ ಕಲಿಯುವ ಮಕ್ಕಳು ಆಗಾಗ ಬರುತ್ತಾರೆ. ಹಳೆಯ ಗಾಡಿಯ ಕಾರ್ಬ್ಯುರೇಟರ್ ಬಿಚ್ಚಿ, ಜೆಟ್‌ನ ಕಸ ಊದಿ, ಮತ್ತೆ ಜೋಡಿಸಿದ ಹುಡುಗಿಯೊಬ್ಬಳು ಪೆಟ್ರೋಲು–ಗಾಳಿಯ ಅನುಪಾತವನ್ನು ನನಗೇ ವಿವರಿಸಿದಳು. ಗಣಿತದ ತರಗತಿಯಲ್ಲಿ ಅವಳು ಬಾಯಿಯೇ ಬಿಡುವುದಿಲ್ಲವಂತೆ.

ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ಈ ವೃತ್ತಿ ಕಲಿಕೆಗೆ ‘ದಡ್ಡರ ವಿಷಯ’ ಎಂಬ ಹಣೆಪಟ್ಟಿ ಅಂಟಿಸಿದ್ದಾರೆ. ತೃತೀಯ ಭಾಷೆಯ ಬದಲು ಇದನ್ನು ಆಯ್ದುಕೊಳ್ಳುವ ಅವಕಾಶವಿದೆಯೆಂದು, ಹಿಂದಿಯಲ್ಲಿ ಫೇಲಾಗುವವರನ್ನೇ ಇತ್ತ ತಳ್ಳುವುದು ಅನ್ಯಾಯ. 2025ರೊಳಗೆ ಶಾಲೆ–ಕಾಲೇಜುಗಳ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಕಲಿಕೆ ತಲುಪಬೇಕೆಂದು ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲೇ ಹೇಳಿತ್ತು. ಬಿಚ್ಚಲು ಎಂಜಿನ್ನೇ ಇಲ್ಲದ ಶಾಲೆಯಲ್ಲಿ ತಲುಪುವುದೇನು? ಕಲಿಸುವವರು ಗುತ್ತಿಗೆಯವರು, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ.

‘ಮೆಕ್ಯಾನಿಕ್ ಆಗಾಕ ಸಾಲಿ ಯಾಕ ಬೇಕ್ರಿ?’ ಎನ್ನುತ್ತಾರೆ ಪಾಲಕರು. ಬೇಕು. ಏಳನೇ ತರಗತಿಗೆ ಶಾಲೆ ಬಿಡಬೇಕಾಗಿ ಬಂದವನು ನಾನು. ಬಿಎಸ್-6 ಗಾಡಿಯ ಸೆನ್ಸರ್ ಕೆಟ್ಟರೆ, ಸ್ಕ್ಯಾನರ್ ತೋರಿಸುವುದನ್ನು ಓದಲು ಡಿಪ್ಲೊಮಾ ಓದಿದ ಹುಡುಗನನ್ನು ಕರೆಯುತ್ತೇನೆ. ಈ ಮಕ್ಕಳಿಗೆ ಕೈಯೂ ಪಳಗಲಿ, ಓದೂ ಸಿಗಲಿ. ಸರ್ಕಾರ ಕಾಯಂ ಶಿಕ್ಷಕರನ್ನು ನೇಮಿಸಲಿ. ನನ್ನ ಅಂಗಡಿಯಲ್ಲಿರುವ ಎರಡು ಹಳೆಯ ಎಂಜಿನ್‌ಗಳನ್ನು ಶಾಲೆಗೆ ಪುಕ್ಕಟೆ ಕೊಡಲು ಸಿದ್ಧನಿದ್ದೇನೆ.