ಟೀವಿ ಹಳೇದಾಯ್ತು ಅನ್ಬೇಡಿ, ಫೈಲ್ ಸರಿಯಾಗಿ ಕೊಡಿ

ಕ್ಯಾಪ್ಶನ್ ಸರಣಿ – 4

ಕಂದಿಕೆರೆ ಕಡೆ ಕ್ಯಾಮೆರಾ ಹಿಡಿದು ಮದುವೆ ಶೂಟ್‌ಗೆ ಹೋಗ್ತಿರೋ ನನ್ನ ಕ್ಲಾಸ್‌ಮೇಟ್‌ಗಳೇ, ಇದು ನಿಮಗೇ ಬರೀತಿರೋದು. ಬೇಜಾರಾದ್ರೆ ಆಗ್ಲಿ.

ಮದುವೆ ಆಗಿ ಮೂರು ತಿಂಗಳಿಗೆ ಪೆನ್‌ಡ್ರೈವ್ ಕೊಡ್ತೀರ. ಮನೆಯವರು ಅಕ್ಕಪಕ್ಕದೋರನ್ನ ಕರೆದು, ಚಾಪೆ ಹಾಸಿ, ಟೀವಿಗೆ ಚುಚ್ತಾರೆ. ‘ಫೈಲ್ ಸಪೋರ್ಟ್ ಆಗಲ್ಲ’ ಅಂತ ಬರುತ್ತೆ. ಇಲ್ಲಾ ಚಿತ್ರ ಬರುತ್ತೆ, ಓಲಗ ಕೇಳಲ್ಲ. ಫೋನ್ ಮಾಡಿದ್ರೆ ನಿಮ್ಮ ಉತ್ತರ ಒಂದೇ: “ಅಣ್ಣಾ, ನಿಮ್ಮ ಟೀವಿ ಹಳೇದು, ಹೊಸದು ತಗೊಳ್ಳಿ.” ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕೊಬ್ಬರಿನ ತಿಪಟೂರಿಗೆ ಹಾಕಿ, ಬಂದ ದುಡ್ಡಲ್ಲಿ ನಿಮಗೆ ಅಡ್ವಾನ್ಸ್ ಕೊಟ್ಟೋರು ಅವರು. ಇನ್ನೊಂದು ಖರ್ಚು ತೋರಿಸೋ ಮುಂಚೆ ನಿಮ್ಮ ಎಕ್ಸ್‌ಪೋರ್ಟ್ ಸೆಟ್ಟಿಂಗ್ ನೋಡ್ಕೊಳ್ಳಿ.

ಎಂಪಿ4 ಅನ್ನೋದು ಬರೀ ಚೀಲದ ಹೆಸರು ಕಣ್ರೋ. ಚೀಲ ನೋಡಿ ಒಳಗಿರೋದು ಉಂಡೆ ಕೊಬ್ಬರಿನೋ ಹೋಳೋ ಅಂತ ಹೇಳಕ್ಕಾಗುತ್ತಾ? ಒಳಗಿರೋ ಚಿತ್ರ ಎಚ್.264 ಆಗಿರಬಹುದು, ಎಚ್.265 ಆಗಿರಬಹುದು. ಮೊದಲನೇದು 2003ರಲ್ಲಿ ಬಂದಿದ್ದು, ಎರಡನೇದು 2013ರಲ್ಲಿ. 2012ರಲ್ಲಿ ತಗೊಂಡ ಟೀವಿಯ ಚಿಪ್‌ಗೆ ಎಚ್.265 ಅಂದ್ರೇನು ಅಂತಾನೇ ಗೊತ್ತಿಲ್ಲ. ಅದು ಕೆಟ್ಟಿಲ್ಲ, ಅದಕ್ಕೆ ಬರದೇ ಇರೋ ಭಾಷೇಲಿ ನೀವು ಮಾತಾಡಿಸ್ತಿದೀರ ಅಷ್ಟೆ. ಕಂಪ್ಯೂಟರಲ್ಲಿ ವಿಎಲ್‌ಸಿ ಎಲ್ಲಾನೂ ಓಡಿಸುತ್ತೆ, ಅದನ್ನ ನೋಡಿ ‘ಓಕೆ’ ಅಂತೀರ. ಮನೆಯವರು ನೋಡೋದು ವಿಎಲ್‌ಸಿಲಿ ಅಲ್ವಲ್ಲ.

ಪೆನ್‌ಡ್ರೈವ್‌ದು ಬೇರೆ ಕಥೆ. 64 ಜೀಬಿದು ಕೊಡ್ತೀರ. ಅದರಲ್ಲಿ ಬಹಳಷ್ಟು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿರುತ್ತೆ. ಹಳೇ ಟೀವಿ, ಡೀವೀಡಿ ಪ್ಲೇಯರ್ ಎಷ್ಟೋ ಅದನ್ನ ಗುರುತೇ ಹಿಡಿಯಲ್ಲ, ಏನೂ ಚುಚ್ಚಿಲ್ಲವೇನೋ ಅನ್ನೋ ಹಾಗೆ ಸುಮ್ನೆ ಕೂತಿರುತ್ತೆ. ಸರಿ ಅಂತ ಫ್ಯಾಟ್32ಗೆ ಬದಲಾಯಿಸಿದ್ರೆ, ಒಂದು ಫೈಲ್ 4 ಜೀಬಿ ದಾಟೋ ಹಾಗಿಲ್ಲ. ನೀವೋ ಚಪ್ಪರದ ಶಾಸ್ತ್ರದಿಂದ ಹೆಣ್ಣು ಒಪ್ಪಿಸೋವರೆಗೂ ಒಂದೇ ಫೈಲ್ ಮಾಡಿ, 30 ಜೀಬಿ ಅಂತ ಹೆಮ್ಮೆ ಪಡ್ತೀರ!

4ಕೆ ಅಂತ ಜಾಸ್ತಿ ದುಡ್ಡು ಇಸ್ಕೋತೀರಲ್ಲ, ಅದರ ಲೆಕ್ಕನೂ ಹಾಕೋಣ. 4ಕೆ ಅಂದ್ರೆ 3840×2160, ಸುಮಾರು 83 ಲಕ್ಷ ಚುಕ್ಕಿ. 32 ಇಂಚಿನ ಎಚ್‌ಡಿ ರೆಡಿ ಟೀವಿಲಿ ಸಾಮಾನ್ಯವಾಗಿ ಇರೋದು 1366×768, ಹತ್ತೂವರೆ ಲಕ್ಷ. ಅಂದ್ರೆ ನೀವು ಕೊಟ್ಟ ಎಂಟು ಭಾಗದಲ್ಲಿ ಏಳು ಭಾಗ ಆ ಪರದೆ ಮೇಲೆ ಕಾಣೋದೇ ಇಲ್ಲ. ಅದೂ ಫೈಲ್ ಓಡಿದ್ರೆ.

ಅಂಗಡಿಯೋರೂ ಕಮ್ಮಿ ಇಲ್ಲ. ಡೀವೀಡಿ ಪ್ಲೇಯರ್ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘1080ಪಿ’ ಅಂತಿರುತ್ತೆ. ಎಚ್‌ಡಿ ಫೈಲ್ ಓಡಿಸುತ್ತೆ ಅಂತ ಅದರರ್ಥ ಅಲ್ಲ. 720×576 ಚುಕ್ಕಿಯ ಡೀವೀಡಿ ಚಿತ್ರನ ಎಳೆದು ದೊಡ್ಡದು ಮಾಡಿ ಕಳಿಸುತ್ತೆ ಅಂತ ಅಷ್ಟೆ. ಇನ್ನು ‘ಎಂಪೆಗ್-4’ ಅನ್ನೋ ಸ್ಟಿಕ್ಕರ್: ಡಿವಿಎಕ್ಸ್ ಕಾಲದ ಹಳೇ ಚಿತ್ರದ ನಮೂನೆಗೂ ಅದೇ ಹೆಸರು, ಎಚ್.264ಗೂ ಅದೇ ಹೆಸರು. ಪ್ಲೇಯರ್‌ಗೆ ಬರೋದು ಮೊದಲನೇದು ಮಾತ್ರ. ನಿಮ್ಮ ಎಚ್‌ಡಿ ಫೈಲ್‌ನ ಖಾಲಿ ಡಿಸ್ಕ್‌ಗೆ ಕಾಪಿ ಮಾಡಿದ ಮಾತ್ರಕ್ಕೆ ಅದು ಡೀವೀಡಿ ಆಗಲ್ಲ. ಎಂಪೆಗ್-2ಗೆ ಬದಲಾಯಿಸಿ, ಡೀವೀಡಿ ವಿಡಿಯೋ ಅಂತಲೇ ಬರೀಬೇಕು.

ಹೊಸ ಟೀವಿ ತಂದ್ರೆ ಎಲ್ಲಾ ಸರಿ ಹೋಗುತ್ತೆ ಅನ್ನೋರಿಗೆ ಒಂದು ಮಾತು. ಸ್ಯಾಮ್‌ಸಂಗ್ 2018ರ ಮಾಡೆಲ್‌ಗಳಿಂದ ಡಿಟಿಎಸ್ ಸೌಂಡನ್ನ ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಬಿಟ್ಟು, 2023ರಲ್ಲಿ ಕೆಲವು ಮಾಡೆಲ್‌ಗೆ ವಾಪಸ್ ತಂತು. ಹಳೇ ಟೀವಿಲಿ ಕೇಳ್ತಿದ್ದ ಫೈಲ್ ಹೊಸ ಟೀವಿಲಿ ಮೂಕ ಆಗಬಹುದು. ಈಗ ಯಾರ ತಪ್ಪು?

“ಯೂಟ್ಯೂಬ್‌ಗೆ ಹಾಕಿದೀವಿ, ಮೊಬೈಲಲ್ಲಿ ನೋಡ್ಲಿ ಬಿಡು” ಅನ್ನೋ ಜಾಣರೂ ಇದಾರೆ. ಮದುವೆ ವಿಡಿಯೋ ಒಬ್ಬೊಬ್ಬರೇ ನೋಡೋದಲ್ಲ ಗುರು. ಅಜ್ಜಿ ಕಣ್ಣಿಗೆ ಐದಿಂಚಿನ ಮೊಬೈಲ್ ಏನು ಕಾಣುತ್ತೆ? ಆ ಮದುವೇಲಿ ಓಡಾಡಿದ ತಾತ ಈಗಿಲ್ಲದೇ ಇರಬಹುದು. ಅವರು ಅಕ್ಷತೆ ಹಾಕೋ ಆ ನಾಲ್ಕು ಸೆಕೆಂಡ್‌ನ ರಿಮೋಟಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಿ, ಎಲ್ಲರೂ ಕೂತು ನೋಡೋದಕ್ಕೇ ನಿಮಗೆ ದುಡ್ಡು ಕೊಟ್ಟಿದ್ದು.

4ಕೆ ಬೇಡ ಅಂತಿಲ್ಲ. ಅದನ್ನ ಹಾರ್ಡ್‌ಡಿಸ್ಕಲ್ಲಿ ಕೊಡಿ, ಮುಂದಕ್ಕೆ ಬೇಕಾಗುತ್ತೆ. ಅದರ ಜೊತೆಗೆ ಟೀವಿಗೆ ಅಂತಲೇ ಒಂದು ಕಾಪಿ ಕೊಡಿ: 1920×1080, ಎಚ್.264, 8 ಬಿಟ್, ಎಎಸಿ ಸೌಂಡ್, 8 ಎಂಬಿಪಿಎಸ್. ಈ ಲೆಕ್ಕದಲ್ಲಿ ಒಂದು ಗಂಟೆಗೆ ಸುಮಾರು 3.7 ಜೀಬಿ ಆಗುತ್ತೆ, ಗಂಟೆಗೊಂದು ಫೈಲ್ ಮಾಡಿದ್ರೆ ಫ್ಯಾಟ್32ರಲ್ಲಿ ಆರಾಮಾಗಿ ಕೂರುತ್ತೆ. ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ರಾತ್ರಿ ಹಾಕಿ ಮಲಗಿದ್ರೆ ಆಯ್ತು.

ಮನೇಲಿ ಮದುವೆ ಇರೋರು, ನೀವೂ ಕೇಳಿ: ಬಾಕಿ ದುಡ್ಡು ಎಣಿಸೋ ಮುಂಚೆ ವಿಡಿಯೋದೋರನ್ನ ಮನೆಗೆ ಕರೀರಿ, ಕಾಫಿ ಕೊಡಿ, ನಿಮ್ಮ ಟೀವಿಗೇ ಚುಚ್ಚಿ ಧಾರೆ ತೋರ್ಸಪ್ಪಾ ಅನ್ನಿ. ಓಲಗ ಕೇಳಿಸ್ತಾ? ಆಮೇಲೆ ಎಣಿಸಿ.

5ನೇ ಕ್ಯಾಪ್ಶನ್ ಅಪ್ಪ-ಅಮ್ಮನ ಮದುವೆ ಕ್ಯಾಸೆಟ್ ಬಗ್ಗೆ. ಬೀರು ತೆಗೆದು ಹುಡುಕಿಟ್ಟಿರಿ.