ಗಾಳದ ವಿನೋದ

ಗದಗ-ಬೆಟಗೇರಿಯ ಕೆಲವು ಸುಶಿಕ್ಷಿತ ಗೃಹಸ್ಥರು ವರ್ಷಂಪ್ರತಿ ಚಳಿಗಾಲದಲ್ಲಿ ಮಿತ್ರಮಂಡಲಿಯೊಡನೆ ಮೋಟಾರಿನಲ್ಲಿ ಘಟ್ಟವಿಳಿದು, ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯಲ್ಲಿ ಗಾಳ ಹಾಕುವರು, ಇದನ್ನು ನಿಸರ್ಗಪ್ರೇಮವೆನ್ನುವರು. ನೀರಿಳಿದಾಗ ಕೆಸರಿಗಿಳಿದು ಬಳಚು ಆರಿಸುವ ಅಲ್ಲಿಯ ಹೆಂಗಸರಿಗೆ ಆ ಅಳಿವೆಯೇ ಅನ್ನ. ಹಿಡಿದುದನ್ನು ಉಣ್ಣುವವರ ಮೇಲೆ ಆಕ್ಷೇಪವಿಲ್ಲ. ಛಾಯಾಚಿತ್ರ ತೆಗೆಸಿಕೊಂಡು ಮೀನನ್ನು ದಂಡೆಗೆಸೆದು ಬರುವದು ಯಾವ ಪ್ರೇಮ?

2024ರ ಜನವರಿಯಲ್ಲಿ ಪ್ರಕಟವಾದ ರಾಮ್ಸರ್ ಯಾದಿಯಲ್ಲಿ ಅಘನಾಶಿನಿಯೊಡನೆ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ಹೆಸರೂ ಇದ್ದಿತು. ಮಂಗೋಲಿಯಾದ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಆ ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುವವು. ಅತಿಥಿಸತ್ಕಾರದ ವೆಚ್ಚ ರೈತನದು! ಕಡಲಿನವರೆಗೆ ಮೋಟಾರು ಓಡಿಸುವ ಈ ಮಹನೀಯರಲ್ಲಿ ಮಾಗಡಿಯ ಏರಿಯನ್ನು ಹತ್ತಿದವರೆಷ್ಟು ಮಂದಿ? ಬರುವ ಪುಷ್ಯಮಾಸದಲ್ಲಿ ಗಾಳವನ್ನು ಮನೆಯಲ್ಲಿಟ್ಟು, ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಲಿ. ಆ ರೈತನನ್ನೂ ಎರಡು ಮಾತು ಕೇಳಿ ಬರಲಿ.